ಬಡಿಸುವವರ ತರಬೇತಿ

ಕ್ರೋಂಪೇಟೆ, ಚೆನ್ನೈ
೧೫ ಸೆಪ್ಟೆಂಬರ್ ೨೦೨೪, ಭಾನುವಾರ

ಪ್ರೀತಿಯ ಸರಸಾ,

ನಿನ್ನ ಮಂಡಿನೋವು ಹೇಗಿದೆ? ಬಾಣಂತಿ ನಿಖಿತಾ ಹೊಟ್ಟೆ ತುಂಬ ಉಣ್ಣುತ್ತಾಳೋ, ಇಲ್ಲ ಫೋನು ನೋಡುತ್ತ ಅನ್ನ ಕೆದಕುತ್ತಾಳೋ? ಮೊಮ್ಮಗಳಿಗೆ ನನ್ನ ಮೂಗು ಬಂದಿದೆಯೆಂದು ತಾಯಿ ಮಗಳು ಸೇರಿ ನಕ್ಕ ಸುದ್ದಿ ಇಲ್ಲಿಗೂ ಮುಟ್ಟಿದೆ. ನಗಿ, ನಗಿ. ಇಲ್ಲಿ ನಾನು ಗಟ್ಟಿಯಾಗಿಯೇ ಇದ್ದೇನೆ. ಫೋನಿನಲ್ಲಾದರೆ ನನ್ನ ಮಾತನ್ನು ಅರ್ಧಕ್ಕೇ ತುಂಡರಿಸುತ್ತೀ, ಅದಕ್ಕೇ ಈ ಕಾಗದ. ಇದರ ಬಾಯಿ ಮುಚ್ಚಿಸಲು ನಿನ್ನಿಂದಾಗದು.

ಪೆರುಂಗುಡಿಯ ಆಫೀಸುಗಳಿಗೆ ಊಟ ಕೊಡುವ ನಮ್ಮ ಕಂಪನಿಯ ಧಣಿ ವಿಷ್ಣುಮೂರ್ತಿಯವರು ಬಡಿಸುವ ವಿಭಾಗವನ್ನೇ ಮುಚ್ಚುತ್ತೇನೆಂದು ಕೂತಿದ್ದರಲ್ಲ. ಹೊಸಬರು ಸೇರಿದ ವಾರಕ್ಕೇ ಬಿಟ್ಟು ಓಡುತ್ತಾರೆ, ಎಲೆಯೂಟವೇ ಬೇಡ, ಜನ ತಟ್ಟೆ ಹಿಡಿದು ತಾವೇ ಬಡಿಸಿಕೊಳ್ಳಲಿ ಎಂದು. ಹಾಗಾದರೆ ಹೊಸಬರೂ ಮನೆಗೆ, ನಾನೂ ಮನೆಗೆ. ಕೊನೆಯದಾಗಿ ಒಂದು ತರಬೇತಿ ಯೋಜನೆ ಮಾಡಿ ತೋರಿಸು ಎಂದು ಸಿಬ್ಬಂದಿ ವ್ಯವಹಾರ ನೋಡಿಕೊಳ್ಳುವ ನಮ್ಮ ಸೊಸೆ ಪ್ರಣಮ್ಯಾಳಿಗೆ ಹೇಳಿದರು. ನಾನು ಗೊಳ್ಳೆಂದು ನಕ್ಕೆ. ಬಡಿಸುವುದನ್ನು ಯೋಜನೆ ಹಾಕಿ ಕಲಿಸುವುದುಂಟೇ ಮಾರಾಯ್ತಿ? ನಾವೆಲ್ಲ ಬೈಸಿಕೊಂಡು ಕಲಿತವರು. ಅವಳು ಸಿಟ್ಟಾಗಲಿಲ್ಲ. ಹಾಗಾದರೆ ಮೊದಲು ನೀವೇ ಬಡಿಸಿ ತೋರಿಸಿ ಮಾವ ಎಂದಳು.

ಬುಧವಾರ ಹೊಸಬರನ್ನೆಲ್ಲ ಗೋಡೆಯ ಬದಿ ನಿಲ್ಲಿಸಿ, ಸಾಂಬಾರಿನ ಬಕೆಟ್ ಹಿಡಿದು ಠೀವಿಯಿಂದ ಹೊರಟೆ. ನಮ್ಮ ಕಡೆಯ ಪದ್ಧತಿ ನಿನಗೆ ಹೇಳಬೇಕೆ? ಉಣ್ಣುವವರು ಸಾಕು ಎಂದರೆ ಅದು ದಾಕ್ಷಿಣ್ಯ. ಕೈ ಅಡ್ಡ ಇಟ್ಟರೂ ಸಂದಿಯಲ್ಲಿ ಇನ್ನೊಂದು ಸೌಟು ಬೀಳಬೇಕು, ಇಲ್ಲವಾದರೆ ಬಡಿಸುವವನದ್ದು ಜಿಪುಣ ಕೈ. ಒಬ್ಬ ದೊಡ್ಡ ಅಧಿಕಾರಿ ಪೋದುಂ, ಪೋದುಂ, ಸಾಕು ಎನ್ನುತ್ತ ಎಲೆಯ ಮೇಲೆ ಕೈ ಹಿಡಿದ. ನಾನು ಬಿಡುತ್ತೇನೆಯೇ? ಬಿಸಿ ಸಾಂಬಾರು ಅವನ ಕೈಮೇಲೆಯೇ ಬಿತ್ತು. ಪಾಪ, ಕುರ್ಚಿಯಿಂದ ಹಾರಿ ನಿಂತ. ಧಣಿಗಳು ಬಾಗಿಲಲ್ಲೇ ಇದ್ದರು. ಮುಗಿಯಿತು ನಮ್ಮ ಕಥೆ ಎಂದುಕೊಂಡೆ.

ಪ್ರಣಮ್ಯಾ ಓಡಿಬಂದು ಅವನ ಕೈಗೆ ತಣ್ಣೀರು ಹಾಕಿ, ಕ್ಷಮೆ ಕೇಳಿ, ಧಣಿಗಳಿಂದ ಶುಕ್ರವಾರದ ತನಕ ಗಡುವು ಪಡೆದಳು. ನನಗೆ ಒಂದು ಗಡಸು ಮಾತೂ ಆಡಲಿಲ್ಲ ಸರಸಾ. ಮನೆಗೆ ಬಂದ ಮೇಲೆ ಕಾಫಿ ಕೊಟ್ಟು, "ಮಾವ, ಸಾಕು ಅಂದ್ರೆ ಸಾಕು ಅಂತ ಯಾಕೆ ಅನ್ಸಲ್ಲ ನಿಮ್ಗೆ?" ಎಂದು ಕೇಳಿದಳು. ಚುಚ್ಚಲಿಕ್ಕಲ್ಲ, ನಿಜವಾಗಿ ತಿಳಿಯಲಿಕ್ಕೆ. ಹೇಳಿದೆ. ನಮ್ಮಲ್ಲಿ ಸಾಕು ಎನ್ನುವವನ ಮನಸ್ಸಿನಲ್ಲಿ ಇನ್ನೊಂದು ಸೌಟಿನ ಆಸೆ ಇರುತ್ತದೆ, ಎಲೆಯ ಮುಂದೆ ಕೂತವನಿಗೇ ಅದು ಗೊತ್ತು ಎಂದು. ಕೇಳುತ್ತ ಕೇಳುತ್ತ ಅವಳ ಮುಖ ಅರಳಿತು, ಮೊದಲು ಮಾಡಿದ್ದ ಯೋಜನೆಯನ್ನು ಪೂರ್ತಿ ಅಳಿಸಿ ಹೊಸದು ಬರೆದಳು. ಮೊದಲ ದಿನ ಹೊಸಬರು ಬಕೆಟ್ ಮುಟ್ಟುವ ಹಾಗಿಲ್ಲ, ಎಲೆಯ ಮುಂದೆ ಕೂತು ಉಣ್ಣಬೇಕು, ನಾವು ಹಳಬರು ಬಡಿಸಬೇಕು. ಮರುದಿನ ನಾವು ಕೂರಬೇಕು, ಅವರು ಬಡಿಸಬೇಕು. ಊಟವಾದ ಮೇಲೆ ಬೈಗುಳವಿಲ್ಲ. ಕೂತವರು ತಮಗೆ ಹೇಗನಿಸಿತೆಂದು ಹೇಳಬೇಕು, ಅಷ್ಟೇ.

ಶುಕ್ರವಾರ ಧಣಿಗಳೆದುರು ನನ್ನನ್ನೇ ಕೂರಿಸಿದಳು. ತಾಂಬರಂನಿಂದ ಹೊಸದಾಗಿ ಬರುತ್ತಿರುವ ಬೇಬಿ ಎಂಬಾಕೆ ಪಾಯಸ ತಂದಳು. ಅಭ್ಯಾಸಬಲದಿಂದ ಪೋದುಂ ಎಂದೆ. ಆಕೆ ತಿರುಗಿ ನಡೆದೇಬಿಟ್ಟಳು! ನಾನು ಬಕೆಟ್ಟನ್ನೇ ನೋಡುತ್ತ ಉಳಿದೆ. ಯಾಕೆ ಹೋದೆ ಎಂದರೆ, "ನೀಂಗದಾನೇ ಪೋದುಂನು ಸೊನ್ನೀಂಗ" ಎಂದಳು. ಸಾಕು ಎಂದವನು ನಾನೇ ಅಲ್ಲವೇ! ಧಣಿಗಳೂ ಹೊಟ್ಟೆ ಹಿಡಿದು ನಕ್ಕರು. ಆಗ ಪ್ರಣಮ್ಯಾ ಮೆಲ್ಲಗೆ ಹೇಳಿದಳು: "ಸಾಕು ಅಂದ ಕೂಡ್ಲೇ ಸೌಟು ನಿಲ್ಲಬೇಕು. ಆದ್ರೆ ಕಾಲೂ ಅಲ್ಲೇ ನಿಲ್ಲಬೇಕು, ಮುಖ ನೋಡಿ ಒಂದೇ ಸಲ ಕೇಳ್ಬೇಕು." ಬೇಬಿ ತಿರುಗಿ ಬಂದು ಕೇಳಿದಳು. ನಾನು ಎರಡು ಸೌಟು ಹಾಕಿಸಿಕೊಂಡೆ. ಧಣಿಗಳು ತಮಗೂ ಒಂದು ಎಲೆ ಹಾಕಿಸಿದರು, ವಿಭಾಗ ಉಳಿಯಿತು. ಎಂಥ ತಲೆ ಆ ಹುಡುಗಿಗೆ! ನಮ್ಮ ಉಪಚಾರವನ್ನೂ ಬಿಡಲಿಲ್ಲ, ಉಣ್ಣುವವರ ಮಾತನ್ನೂ ಕೆಳಗೆ ಹಾಕಲಿಲ್ಲ. ನನ್ನ ಸೊಸೆ ಎಂದು ಇಡೀ ಅಡುಗೆಮನೆಗೆ ಹೇಳಿಕೊಂಡು ತಿರುಗಿದೆ, ಅವರಿಗೆ ಮೊದಲೇ ಗೊತ್ತಿದ್ದರೂ.

ನಿಖಿತಾಳಿಗೂ ನನ್ನ ಮೂಗಿನ ಒಡತಿಗೂ ತುಂಬು ಆಶೀರ್ವಾದ. ಮಂಡಿಗೆ ಎಣ್ಣೆ ಹಚ್ಚುವುದನ್ನು ತಪ್ಪಿಸಬೇಡ.

ನಿನ್ನವನೇ ಆದ
ಸುಬ್ರಾಯ

ಮುಖ್ಯ ವಿಷಯವೇ ಬಿಟ್ಟುಹೋಯಿತು: ಉಳಿದ ಕ್ಯಾಂಟೀನುಗಳಲ್ಲೂ ಇದೇ ಯೋಜನೆಯಂತೆ, ಕಲಿಸುವವನು ನಾನಂತೆ. ಒಪ್ಪಿಬಿಟ್ಟೆ. ಕೆಲಸ ಬಿಟ್ಟು ಊರಿಗೆ ಬರುವ ಮಾತು ಸದ್ಯಕ್ಕಿಲ್ಲ, ಬೈಯುವುದಿದ್ದರೆ ಇಲ್ಲಿಗೇ ಬಂದು ಬೈ. ನವರಾತ್ರಿ ಕಳೆದು ಮೊದಲ ತರಗತಿ. ದಾಕ್ಷಿಣ್ಯವಿಲ್ಲದೆ ನಿಜ ಹೇಳುವವರೊಬ್ಬರು ಹೊಸಬರ ಜೊತೆ ಕೂರಬೇಕೆಂದು ಪ್ರಣಮ್ಯಾ ಕೇಳಿದಳು, ನಿನ್ನ ಹೆಸರು ಹೇಳಿದೆ. ಇಷ್ಟು ವರ್ಷ ಎಲ್ಲರಿಗೂ ಬಡಿಸಿ ಕಡೆಗೆ ಉಂಡವಳು ನೀನು. ಅವತ್ತು ಮೊದಲ ಎಲೆ ನಿನಗೆ, ಬಡಿಸುವವನು ನಾನು. ಬಾ ಸರಸಾ.