ಸ್ಲಾವ್ಕಾಳ ಪುಟ

ಮಾರ್ಚ್ 3, ಬೆಳಿಗ್ಗೆ 11
ಗುಡ್ಡಕ್ಕೆ ಹೋಗಿ ಬಂದೆ. ದಾರಿಯ ಎರಡನೆಯ ಬೆಂಚಿನವರೆಗೆ, ಅಷ್ಟೇ. ಎಡ ಮೀನಖಂಡ ಹಿಡಿದುಕೊಂಡಿತು. ನಿಂತೆ. ನೋವು ಇಳಿಯಿತು. ಮತ್ತೆ ನಡೆದೆ. ಡಾಕ್ಟರಮ್ಮ ಹೇಳಿದ್ದೂ ಅದನ್ನೇ — "ನೋಯೋವರೆಗೂ ನಡೀರಿ, ನಿಲ್ಲಿ, ಮತ್ತೆ ನಡೀರಿ. ಕಟ್ಟಿದ ರಕ್ತನಾಳ ಬಿಚ್ಚಲ್ಲ. ಆದ್ರೆ ಸುತ್ತ ಇರೋ ಸಣ್ಣ ನಾಳಗಳು ಅಗಲ ಆಗ್ತವೆ. ಹೃದಯಕ್ಕೂ ಒಳ್ಳೇದು. ಜೂನ್‌ವರೆಗೆ ನೋಡೋಣ. ಆಗ್ಲಿಲ್ಲ ಅಂದ್ರೆ ಆಪರೇಷನ್."
ಆಸ್ಪತ್ರೆ ಬೇಡ. ನವೆಂಬರಿನಲ್ಲಿ ಅಲ್ಲಿಗೆ ಹೋದ ನನ್ನ ಹೆಂಡತಿ ಸ್ಲಾವ್ಕಾ ಮನೆಗೆ ಬರಲಿಲ್ಲ.

ಮಾರ್ಚ್ 19
ಮೂರನೆಯ ಬೆಂಚು. ಸಿಗರೇಟು ಬಿಟ್ಟು ಹದಿನಾರು ದಿನ. ಸ್ಲಾವ್ಕಾ ದಿನಾ ತುದಿಯವರೆಗೆ ಹತ್ತುತ್ತಿದ್ದಳು. ನಾನು ಕೆಳಗೆ ಕಾರಿನಲ್ಲಿ ಕೂತು ಪೇಪರ್ ಓದುತ್ತಿದ್ದೆ. ಮೂವತ್ತು ವರ್ಷ... ಕೊನೆಯ ವಾರದಲ್ಲೂ ಅವಳ ಹೃದಯ ಗಟ್ಟಿಯಿದೆ ಎಂದಿದ್ದರು. ಕೊಂದದ್ದು ಹೊಟ್ಟೆಯ ಗಡ್ಡೆ.

ಏಪ್ರಿಲ್ 27, ಮಧ್ಯಾಹ್ನ
ತುದಿ ಮುಟ್ಟಿದೆ. ಹನ್ನೊಂದು ಸಲ ನಿಂತೆ. ಮೇಲೆ ತೆರೆಜಾಳ ಚಹಾದಂಗಡಿ. ಅಲ್ಲಿ ದಪ್ಪ ಪುಸ್ತಕ, ದಿನಾ ಹತ್ತುವವರಿಗೆ ಒಬ್ಬೊಬ್ಬರಿಗೂ ಒಂದು ಪುಟ. ತಾರೀಖು, ಹೆಸರು ಬರೆಯಬೇಕು. ಸ್ಲಾವ್ಕಾಳ ಕೊನೆಯ ಪುಟ ಅರ್ಧಕ್ಕೇ ನಿಂತಿತ್ತು. ನೋಡುತ್ತಾ ಇದ್ದೆ. ಇವತ್ತಿನ ತಾರೀಖು ಹಾಕಿ ಬರೆದೆ — ಸ್ಲಾವ್ಕಾ. ಚಳಿಗಾಲವಿಡೀ ಆಸ್ಪತ್ರೆ, ಚರ್ಚು, ಪಿಂಚಣಿಯ ಕಾಗದಗಳಲ್ಲಿ ಬರೆದದ್ದು ಆ ಹೆಸರೇ. ನನ್ನ ಹೆಸರಿನ ಬದಲು ಅವಳದ್ದು ಬರೆದೆನೆಂದು ಅರ್ಧ ದಾರಿ ಇಳಿದ ಮೇಲೆ ಗೊತ್ತಾಯಿತು.
ಹತ್ತದವರ ಹೆಸರು ಬರೆಯುವುದೆಂದರೆ ಇಲ್ಲಿ ಕಳ್ಳತನಕ್ಕೆ ಸಮ.

ಮೇ 8
ಹತ್ತು ದಿನ ಹೋಗಲಿಲ್ಲ. ನಾಚಿಕೆ. ಮೀನಖಂಡ ಮತ್ತೆ ಬಿಗಿಯುತ್ತಿದೆ, ಜೂನ್ ಹತ್ತಿರವಾಯಿತು. ಇವತ್ತು ಹೋದೆ.
"ಏನಯ್ಯಾ ರುಡಿ, ಹೆಂಡ್ತೀನ ಮೇಲೆ ಕಳ್ಸಿ ನೀನು ಮನೇಲಿ ಮಲ್ಗಿದ್ಯಾ?" ಎಂದಳು ತೆರೆಜಾ.
"ಹೊಡೆದುಹಾಕು ಅದನ್ನ."
"ನಾನ್ಯಾಕೆ? ಬರ್ದೋನು ನೀನು."
ಗೆರೆ ಎಳೆದೆ. ನನಗೊಂದು ಪುಟ ಕೇಳಿದೆ. ಕೊಡಲಿಲ್ಲ.
"ಅವ್ಳ ಪುಟದಲ್ಲಿ ಇಷ್ಟು ಜಾಗ ಖಾಲಿ ಇದೆ, ಇಲ್ಲೇ ಬರಿ. ಕಾರಲ್ಲಿ ಕೂತೋನ್ನ ಒಂದಿನ ಹತ್ತಿಸ್ತೀನಿ ಅಂತಿದ್ಲು. ಹತ್ತಿಸೇಬಿಟ್ಲು."
ಅಲ್ಲೇ ಬರೆದೆ. ನಿಂಬೆ ಹಿಂಡಿದ ಚಹಾ ಕುಡಿದೆ. ಚೆನ್ನಾಗಿತ್ತು.

ಜೂನ್ 10, ಸಂಜೆ 6
ಲ್ಯುಬ್ಲಿಯಾನಾದ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಿ ಬಂದೆ. ತೋಳಿನ ಒತ್ತಡ, ಪಾದದ ಒತ್ತಡ ನೋಡಿದರು, ಟ್ರೆಡ್‌ಮಿಲ್ ಪಟ್ಟಿಯ ಮೇಲೆ ನಡೆಸಿದರು. ಮಾರ್ಚಿನ ಎರಡರಷ್ಟು ನಡೆದೆನಂತೆ.
"ಕತ್ತಿ ಬೇಡ ರುಡಿಯವರೇ. ಆದ್ರೆ ನಡೆಯೋದು ಬಿಟ್ರೆ ಮತ್ತೆ ಇಲ್ಲಿಗೇ ಬರ್ತೀರಿ."
"ಬಿಡಲ್ಲ, ಡಾಕ್ಟರೇ. ಪುಟ ತುಂಬಿಸ್ಬೇಕು."
ಅರ್ಥವಾಗದೆ ನಕ್ಕರು.
ಹುಳಿ ಎಲೆಕೋಸು, ಬೀನ್ಸ್ ಹಾಕಿ ಸಾರು ಮಾಡಿದೆ. ಎರಡು ಬಟ್ಟಲು ತಿಂದೆ. ಸ್ಲಾವ್ಕಾ ಮಾಡುತ್ತಿದ್ದಂತೆ ಆಗಲಿಲ್ಲ, ಆದರೂ...
ಅವಳ ಪುಟದಲ್ಲಿ ಇನ್ನೊಂದೇ ಸಾಲು ಉಳಿದಿದೆ. ತೆರೆಜಾ ನಾಳೆ ಏಳಕ್ಕೆ ಬಾಗಿಲು ತೆರೆಯುತ್ತಾಳೆ.