ಹಳೆಯ ಮೊಬೈಲಿನಲ್ಲಿ ನಿನ್ನ ದನಿ

ಠಾಣಾ ಕುಶನೂರ
೪ ನವೆಂಬರ್ ೨೦೨೫

ಅವಿನಾಶನಿಗೆ ಜೈ ಭೀಮ್.

ಹಲಕಟ್, ಇದನ್ನು ಅರ್ಧ ಓದಿ ಕಿಸೆಗೆ ತುರುಕಬೇಡ. ಕೂತು ಓದು. ಅಜ್ಜಿ ಬೀದರಿಗೆ ಫೋನ್ ಮಾಡಿದರೆ ಮೊಮ್ಮಗ ಎತ್ತುವುದಿಲ್ಲ, ಅದಕ್ಕೇ ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟ ಕೈಯಿಂದ ಬರೆಯುತ್ತಿದ್ದೇನೆ. ತಡವಾಯಿತು, ಸೋಯಾಬೀನ್ ರಾಶಿ ಮುಗಿಯಬೇಕಿತ್ತು. ತೊಗರಿ ಹೂ ಬಿಟ್ಟಿದೆ. ಮೊಣಕಾಲು ನೋವು ಹಾಗೇ ಇದೆ. ನೀನು ಕೇಳದಿದ್ದರೂ ಹೇಳಿದೆ.

ನಿನ್ನೆ ಭಾಲ್ಕಿಗೆ ಹೋಗಿ ನಿನ್ನ ಹೆಂಡತಿಯನ್ನು ನೋಡಿ ಬಂದೆ. ತವರುಮನೆಯ ಕಟ್ಟೆಯ ಮೇಲೆ ಕೂತು ವಿಶಾಖಾ ನಿನ್ನ ವಕೀಲನ ಅರ್ಜಿ ತೋರಿಸಿದಳು. ಅವಳು ಹಗಲೆಲ್ಲ ಮೊಬೈಲಿನಲ್ಲಿ ಪರಗಂಡಸರ ಜೊತೆ ಮಾತಾಡುತ್ತಾಳೆ, ವಿಚ್ಛೇದನ ಬೇಕು, ಮಗಳು ಆಮ್ರಪಾಲಿ ನನ್ನ ಹತ್ತಿರವೇ ಇರಬೇಕು ಎಂದು ಬರೆಸಿದ್ದೀಯಲ್ಲ!

"ಆಯಿ, ಕೋರ್ಟಿನ್ಯಾಗ ಇದನ್ನ ನಂಬಿದ್ರ ನನ್ನ ಕೂಸು ಹೋಗ್ತದರಿ," ಎಂದಳು.

"ಹ್ಯಾಂಗ ನಂಬ್ತಾರ? ನಾ ಸತ್ತೀನೇನು?" ಎಂದೆ.

ಈಗ ಕೇಳು. ಮಳೆಗಾಲದಲ್ಲಿ ನೀನು ಹೊಸ ಮೊಬೈಲ್ ಕೊಂಡು ಹಳೆಯದನ್ನು ನನಗೆ ಕೊಟ್ಟೆ. "ಬಾಬಾಸಾಹೇಬರ ಹಾಡು ಕೇಳ್ಕೋತ ಕೂಡು, ಆಯಿ," ಎಂದೆ. ಹಾಡು ಹಚ್ಚಲು ಏನೋ ಒತ್ತಿದೆ, ನಿನ್ನ ದನಿ ಬಂತು. "ಉಂಡೇನು ಬಂಗಾರ? ನೀ ಉಣ್ಣದ ನನಗ ತುತ್ತು ಇಳಿಯಂಗಿಲ್ಲ." ನನಗೇ ಹೇಳುತ್ತಿದ್ದೀ ಎಂದುಕೊಂಡೆ. ಖುಷಿಯಾಗಿ, "ಉಂಡೆನಪ್ಪಾ, ರೊಟ್ಟಿ ಪುಂಡಿಪಲ್ಯ," ಎಂದು ಜೋರಾಗಿ ಉತ್ತರವನ್ನೂ ಕೊಟ್ಟೆ. ಮುಂದಿನದು ಒತ್ತಿದರೆ ಯಾವಳೋ ನಗುತ್ತಾಳೆ. "ಎಷ್ಟ್ ದಿನಾ ಮೊಬೈಲಿನ್ಯಾಗೇ ಮಾತಾಡೋದು? ಒಮ್ಮಿ ಎದುರಿಗೆ ಬರ್ರಿ," ಎನ್ನುತ್ತಾಳೆ. ನೀನು, "ಕೋರ್ಟಿಂದೊಂದು ಕೆಲಸ ಅದ, ಮುಗೀಲಿ," ಎನ್ನುತ್ತೀ.

ಮೊನ್ನೆ ನಿನ್ನ ದೋಸ್ತ ಸಂಘಪಾಲ ಗಾಡಿ ತಗೊಂಡು ಬಂದ. "ಆಯಿ, ಆ ಮೊಬೈಲ್ ಕೊಡ್ರಿ, ರಿಪೇರಿ ಮಾಡಿಸ್ತೇವಿ."

"ಅದು ಬರೋಬರಿ ಮಾತಾಡ್ತದ. ರಿಪೇರಿ ಆಗಬೇಕಾದ್ದು ನಿನ್ನ ದೋಸ್ತನ ನಾಲಿಗಿ," ಎಂದು ಚಹಾ ಕುಡಿಸಿ ಕಳಿಸಿದೆ.

ಮೊಬೈಲ್ ಜೋಳದ ಡಬ್ಬಿಯಲ್ಲಿದೆ. ವಿಶಾಖಾಳಿಗೆ ಇನ್ನೂ ಕೇಳಿಸಿಲ್ಲ. ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ, ಒಲೆಯ ಮೇಲಿನ ರೊಟ್ಟಿ ಸುಟ್ಟ ಮೇಲೆ ನೆನಪಾಗುತ್ತದೆ. ಯಾರನ್ನಾದರೂ ಮೆಚ್ಚು, ಬಾಯಿಬಿಟ್ಟು ಹೇಳಿ ಬಿಡುಗಡೆ ತಗೋ. ನಿನ್ನ ಕೊಳೆಯನ್ನು ಅವಳ ಸೆರಗಿಗೆ ಒರೆಸಬೇಡ. ಆ ಸುಳ್ಳನ್ನು ಅರ್ಜಿಯಿಂದ ತೆಗೆಸು. ಇಲ್ಲದಿದ್ದರೆ ಮುಂದಿನ ತಾರೀಖಿಗೆ ನಾನೇ ಭಾಲ್ಕಿ ಕೋರ್ಟಿಗೆ ಬಂದು, ಮೊಬೈಲನ್ನು ಅವಳ ವಕೀಲರ ಕೈಗೆ ಕೊಟ್ಟು, ಇದು ನನ್ನ ಮೊಮ್ಮಗನ ದನಿ ಎಂದು ಜಡ್ಜ್ ಸಾಹೇಬರಿಗೆ ಹೇಳುತ್ತೇನೆ.

ಬುದ್ಧ ಭಗವಾನರು ನಿನಗೆ ನಿಜ ಹೇಳುವ ಧೈರ್ಯ ಕೊಡಲಿ.

ನಿನ್ನ ಆಯಿ,
ಕೌಸಲ್ಯಾಬಾಯಿ

ತಾ.ಕ.: ಇದನ್ನು ಬರೆಯಬಾರದು ಎಂದಿದ್ದೆ. ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಮೊಬೈಲಿನಲ್ಲಿ ಆ ನಗುವವಳು ಕೇಳುತ್ತಾಳೆ. "ಯಾರೂ ಇಲ್ಲ. ಸಾಕಿದ ಆಯಿ ಒಬ್ಬಾಕಿ ಇದ್ದಳು, ಹೋದ ವರ್ಷ ತೀರಿಕೊಂಡ್ಳು," ಎನ್ನುತ್ತೀ. ಅಳುವ ದನಿ ಬೇರೆ ತೆಗೆದಿದ್ದೀ! ತಾಯಿ ಸತ್ತ ದಿನ ನಿನ್ನನ್ನು ಎತ್ತಿಕೊಂಡ ಕೈಯೇ ಈಗ ಅದನ್ನು ಮತ್ತೆ ಮತ್ತೆ ಒತ್ತಿ ಕೇಳುತ್ತದೆ. ನಾನು ಬದುಕಿದ್ದೇನೋ ಇಲ್ಲವೋ, ಡಿಸೆಂಬರ್ ಹುಟ್ಟುವುದರೊಳಗೆ ನಿನ್ನ ಕೈಯಿಂದಲೇ ಬರೆದು ತಿಳಿಸು.