ಎಡ ಸೊಂಟದ ಗುಟ್ಟು

ಅಣ್ಣಾ,

ಹಾಲು ಕಾಯಿಸಿಟ್ಟಿದ್ದೀನಿ. ನಿನಗಲ್ಲ, ಅಜ್ಜಿಗೆ. ನಿನ್ನ ಹುಡುಗಿ ಕೊಟ್ಟ ಹಳದಿ ಕಾಲುಚೀಲದಲ್ಲಿ ಒಂದೇ ಸಿಗುತ್ತೆ, ಇನ್ನೊಂದಕ್ಕೆ ಮನೆಯೆಲ್ಲಾ ತಡಕಾಡಬೇಡ.

ಹೋದ ರಗ್ಬಿ ಪಂದ್ಯದಲ್ಲಿ ಎದುರು ತಂಡದಲ್ಲಿದ್ದ ಅವಳು ಪ್ರತಿ ಸಲವೂ ನನ್ನ ಎಡ ಸೊಂಟಕ್ಕೇ ಯಾಕೆ ಕೈ ಹಾಕಿದಳು ಅಂತ ಈಗ ಗೊತ್ತಾಯ್ತು. ಇನ್ಸುಲಿನ್ ಪಂಪ್ ಎಲ್ಲಿ ಕಟ್ಕೊಳ್ತೀನಿ ಅಂತ ಅವಳ ಕಿವಿಗೆ ಊದಿದ್ದು ನೀನೇ. "ಅಲ್ಲಿ ಏಟು ಬೀಳದಿರಲಿ ಅಂತ ಹೇಳ್ದೆ" ಅಂತೀಯಾ? ನಿನ್ನ ಬಾಯಲ್ಲಿ ಒಂದು ಮಾತು ನಿಲ್ಲಲ್ಲ. ಪಂಪಿನ ನಳಿಕೆ ಕಿತ್ತು ಬಂದು ನಾನು ಬೆಂಚಲ್ಲಿ ಕೂತಿದ್ದೆ. ಅವಳು ಕಪ್ ಎತ್ತಿದಳು. ನೀನು ಚಪ್ಪಾಳೆ ತಟ್ಟಿದೆ.

ಇವತ್ತು ಮತ್ತೆ ಅದೇ ತಂಡ. ಅವಳು ಅತ್ತಿಗೆ ಆಗೋಕೆ ಮುಂಚೆಯೇ ಮುಯ್ಯಿ ತೀರಿಸಿಬಿಡ್ತೀನಿ, ಆಮೇಲೆ ಗೌರವ ಕೊಡಬೇಕಾಗುತ್ತೆ.

ನೀನು ಬರಲೇಬೇಕು, ನಮ್ಮ ಕಡೆಯೇ ನಿಲ್ಲಬೇಕು. ಈ ಸಲ ಆಟಕ್ಕೆ ಮುಂಚೆ ಪಂಪ್ ಬಿಚ್ಚಿ ನಿನ್ನ ಕೈಗೆ ಕೊಡ್ತೀನಿ. ಬಿಸಿಲು ತಾಗದ ಹಾಗೆ ಇಟ್ಕೊ. ಬಿಡುವಿನಲ್ಲಿ ಸಕ್ಕರೆ ಎಷ್ಟಿದೆ ನೋಡಿ ಮತ್ತೆ ಸಿಕ್ಕಿಸ್ಕೊಳ್ತೀನಿ. ಫ್ರಿಜ್ಜಿನಲ್ಲಿರೋ ಜ್ಯೂಸ್ ತಗೊಂಡು ಬಾ, ದಾರೀಲಿ ನೀನೇ ಕುಡಿದುಬಿಡಬೇಡ.

ಪಂಪಿನ ಚೀಲ ಮಾತ್ರ ಎಡ ಸೊಂಟದಲ್ಲೇ ಇರುತ್ತೆ, ಚೆನ್ನಾಗಿ ಉಬ್ಬಿಕೊಂಡು. ಅವಳು ಅದಕ್ಕೆ ಕೈ ಹಾಕಿ ಕಿತ್ಕೊಳ್ಳೋ ಹೊತ್ತಿಗೆ ನಾನು ಚೆಂಡು ಹಿಡ್ಕೊಂಡು ಬಲಗಡೆಯಿಂದ ಗೆರೆ ದಾಟಿರ್ತೀನಿ. ಅವಳ ಕೈಯಲ್ಲಿ ಉಳಿಯೋದು, ಅವಳೇ ನಿನಗೆ ಪ್ರೀತಿಯಿಂದ ಕೊಟ್ಟ ಹಳದಿ ಕಾಲುಚೀಲ.

ಒಗೆದಿಲ್ಲ.

ನಿನ್ನ ತಂಗಿ